ದೊಡ್ಡಣ್ಣನಿಗೊಂದು ವಿನಾಯಿತಿ

ಪರದೆಯ ಮೇಲಿನ ಚೌಕ ಇಷ್ಟೇ ಇಷ್ಟು, ಸಾಸಿವೆಯಷ್ಟು, ಕನ್ನಡಕ ಮೇಲೇರಿಸಿದರೂ ಅಷ್ಟೇ, ಪಕ್ಕದಲ್ಲಿ ಬರೆದಿದೆ ಆಡಳಿತಗಾರರಿಗೆ ಈ ನಿಯಮ ಬೇಡ — ಅದರೊಳಗೆ ಗುರುತು ಬಿದ್ದರೆ ಮುಗಿಯಿತು, ಹನ್ನೆರಡು ಅಕ್ಷರದ ಪಾಸ್‌ವರ್ಡ್ ಆಫೀಸಿಗೆಲ್ಲ, ಅವನಿಗೆ ಮಾತ್ರ ಹಳೆಯ ನಾಲ್ಕಕ್ಷರ, ಈ ನೀರಿನ ಪಂಪ್‌ಹೌಸಿನ ಕಂಪ್ಯೂಟರುಗಳಿಗೆಲ್ಲ ಅವನೇ ಯಜಮಾನ, ಎಲ್ಲರ ಬಾಯಲ್ಲೂ ದೊಡ್ಡಣ್ಣ, ಸುಮ್ಮನೆ ಕರೆಯುತ್ತಾರೆಯೇ, ಗುರುತು ಹಾಕ್ಲಾ ಸರ್ ಬೇಡ್ವಾ ಸರ್, ಹೊಸ ಸಾಫ್ಟ್‌ವೇರ್ ಹಾಕಲು ಬಂದ ಎಂಜಿನಿಯರಮ್ಮ ಮೌಸ್ ಹಿಡಿದು ಕೂತಿದ್ದಾಳೆ, ಇರಮ್ಮ, ಏನವಸರ, ಮದುವೆ ಮುಹೂರ್ತ ಮೀರ್ತಿದ್ಯಾ — ನಾಲ್ಕಕ್ಷರ ಎಂದರೆ ಎಷ್ಟು ಸುಖ, ಒಂದೇ ಬೆರಳು ಸಾಕು, ಕಣ್ಣು ಕಿಟಕಿಯಾಚೆ ಇದ್ದರೂ ಬೆರಳು ತಾನೇ ಹೋಗಿ ಬರುತ್ತದೆ, ಮನೆ ದಾರಿ ಬಲ್ಲ ಎತ್ತಿನ ಹಾಗೆ, ಆದರೆ ಲೆಕ್ಕದ ವಿಭಾಗದ ಅಕ್ಕನಿಗೆ ಅವನೇ ಗದರಿದ್ದ, ಏನಕ್ಕಾ, ಮಗಳ ಹೆಸರನ್ನೇ ಪಾಸ್‌ವರ್ಡ್ ಇಟ್ಟಿದ್ದೀರಲ್ಲ, ಬೀಗ ಹಾಕಿ ಕೀಲಿ ಅಲ್ಲೇ ನೇತು ಹಾಕಿದ ಹಾಗಾಯ್ತು, ಆಕೆ ನಕ್ಕು, ನಿಮ್ದು ಎಷ್ಟುದ್ದ ದೊಡ್ಡಣ್ಣ, ಆಚಾರ ಹೇಳೋಕೆ ಬದನೆಕಾಯಿ ತಿನ್ನೋಕೆ ಅಲ್ವಾ — ಅದಾದ ಮೇಲೇ ಕತ್ತೆ ಬಂದಿದ್ದು, ಬೆಳಿಗ್ಗೆ ಪರದೆ ತೆರೆದರೆ ಹಲ್ಲೆಲ್ಲ ಕಿರಿದ ಕತ್ತೆಯ ಚಿತ್ರ, ಮೂಗಿನ ಮೇಲೆ ಅವನದೇ ತರದ ಕನ್ನಡಕ, ಬಾಗಿಲಾಚೆ ಪಂಪ್ ಆಪರೇಟರುಗಳು ಹೊಟ್ಟೆ ಹಿಡಿದುಕೊಂಡಿದ್ದಾರೆ, ಹೇಗ್ರೋ ಒಳಗೆ ಹೋದ್ರಿ, ನಿಮ್ಮ ಬೆರಳೇ ಹೇಳ್ಕೊಡ್ತು ದೊಡ್ಡಣ್ಣ, ಮೇಲೊಂದು, ಕೆಳಗೆರಡು, ಕೊನೇದು ಮೊಳೆ ಹೊಡೆದ ಹಾಗೆ ಟಕ್, ಗೋಡೆಗೆ ತೋರಿಸಿದ್ರೆ ಗೋಡೆನೂ ಕಲೀತಿತ್ತು — ನಕ್ಕರು, ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು, ಆಮೇಲೆ ಊಟಕ್ಕೆ ಕೂತಾಗ ಹೊಳೆಯಿತು, ಅದೇ ನಾಲ್ಕಕ್ಷರಕ್ಕೆ ಮೇಲಿನ ಟ್ಯಾಂಕಿನ ದೊಡ್ಡ ವಾಲ್ವೂ ತೆರೆಯುತ್ತದಲ್ಲ, ಕತ್ತೆ ತಂದ ಕೈ ಜಾರಿ ಅಲ್ಲಿ ಬಿದ್ದಿದ್ದರೆ, ನೀರು ಧಡಧಡ ಇಳಿದು ತಗ್ಗಿನ ಬೀದಿ, ತಗ್ಗಿನ ಬೀದಿಯಲ್ಲಿ ತಂಗಿಯ ಮನೆ, ನೆಲದ ಮೇಲೆ ಹಾಸಿಗೆ, ಹಾಸಿಗೆಯಲ್ಲಿ ತಂಗಿಯ ಮೊಮ್ಮಗು — ಛೆ, ಛೆ, ಬಿಡ್ತು ಅನ್ನು, ಹಾಗಂತ ಹನ್ನೆರಡು ಅಕ್ಷರ ನೆನಪಿರುತ್ತದೆಯೇ, ಮೋಟಾರು ಸುಡುತ್ತಿರುವಾಗ ತಲೆ ಕೆರೆದುಕೊಂಡು ನಿಂತರೆ ಯಾರು ದಿಕ್ಕು, ನಿನ್ನೆ ಮೊನ್ನೆ ಹುಟ್ಟಿದ ಸಾಫ್ಟ್‌ವೇರ್ ಅವನಿಗೆ ಬುದ್ಧಿ ಹೇಳುವುದೇ, ಹೇಳಲಿ ಬಿಡು, ಮೊಮ್ಮಕ್ಕಳು ಹೇಳುವುದಿಲ್ಲವೇ — ಒಂದು ಸಾಲನ್ನೇ ಪಾಸ್‌ವರ್ಡ್ ಮಾಡ್ಕೊಳ್ಳಿ ಸರ್, ನಾಲ್ಕು ಮಾತು ಸೇರ್ಸಿ, ನಗು ಬರೋ ಹಾಗಿರ್ಲಿ, ಮರೆಯೋದೇ ಇಲ್ಲ, ಎಂಜಿನಿಯರಮ್ಮ ಹೇಳುತ್ತಿದ್ದಾಳೆ, ಗುಮಾಸ್ತರದ್ದು ಕದ್ರೆ ಒಂದು ಕಾಗದ ಹೋಗುತ್ತೆ, ನಿಮ್ದು ಕದ್ರೆ ಊರೇ ಹೋಗುತ್ತೆ, ಈಗ್ಲಾದ್ರೂ ಹೇಳಿ, ಹಾಕ್ಲಾ — ದೊಡ್ಡ ಬಾಗಿಲಿಗೆ ಚಿಕ್ಕ ಅಗುಳಿ, ಯಾವ ಬಡಗಿ ಒಪ್ಪುತ್ತಾನೆ, ಬೇಡಮ್ಮ, ಗುರುತು ಬೇಡ, ನನಗೂ ಹನ್ನೆರಡೇ ಇರಲಿ, ಬಾಗಿಲಾಚೆ ಯಾರೋ ಅಯ್ಯೋ ಎಂದರು, ಇನ್ನು ಕತ್ತೆ ತರೋದು ಕಷ್ಟ ಕಣೋ ಎಂದ ಇನ್ನೊಬ್ಬ, ಅವನಿಗೆ ನಗು, ಮೌಸಿನ ಬಾಣ ಚೌಕದ ಪಕ್ಕಕ್ಕೆ ಬಂತು, ನಿಂತಿತು, ದಾಟಿತು, ಚೌಕ, ಬಿಳಿ ಚೌಕ, ಖಾಲಿ