ಅಮ್ಮನ ಕೆಮ್ಮು

ಅಬ್ಬಬ್ಬಾ, ಏನು ಜನ! ಎಳ್ಳು ಹಾಕಿದರೆ ನೆಲಕ್ಕೆ ಬೀಳುತ್ತಿರಲಿಲ್ಲ. ನಮ್ಮಮ್ಮನ ಇಸ್ತ್ರಿ ಅಂಗಡಿಯಲ್ಲಿ, ಮಡಚಿಟ್ಟ ಬಟ್ಟೆಗಳ ನಡುವೆ ಮಂಡಿ ಒತ್ತಿಕೊಂಡು ಕೂತು ಶುರುಮಾಡಿದ ಪ್ರಾರ್ಥನಾ ಸಭೆ ಇದು. ಇವತ್ತು ನೋಡಿದರೆ ಗೋದಾಮಿನಂಥ ಸಭಾಂಗಣ, ಗೋಡೆಯಗಲದ ಪರದೆ, ಡ್ರಮ್ಮು, ಗಿಟಾರು. ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ನನ್ನ ತಮ್ಮ ಈಗ ಪಾಸ್ಟರು, ಪರದೆ ಮೇಲೆ ಮನೆಯೆತ್ತರ ನಿಂತಿದ್ದ. ಹಾಡು ಎದ್ದಾಗ ನನಗೆ ಕುಣಿಯೋಣ ಅನ್ನಿಸಿತು. ವಯಸ್ಸಾಯಿತು ಅಂತ ಸುಮ್ಮನಿದ್ದೆನಾ? ಕುಣಿದೇಬಿಟ್ಟೆ.

ಈ ಹೊಸ ಸಭಾಂಗಣದ ಮೊದಲ ಆರಾಧನೆ ಕೆಟ್ಟರೆ ಬಂದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಅಂತ ತಮ್ಮ ವಾರವಿಡೀ ಹೆದರಿದ್ದ. ಕುರ್ಚಿ, ದೀಪ, ಗಾಡಿ ನಿಲ್ಲಿಸೋ ಜಾಗ, ಎಲ್ಲ ನೋಡಿಕೊಂಡಿದ್ದೆವು. ಮರೆತದ್ದು ಒಂದೇ.

ನನ್ನ ತಮ್ಮನಿಗೆ ಪ್ರಸಂಗ ಶುರುಮಾಡೋಕೆ ಬರುತ್ತೆ, ಮುಗಿಸೋಕೆ ಬರಲ್ಲ. ಅಂಗಡಿಯ ಕಾಲದಿಂದಲೂ ಅಮ್ಮ ಕೆಮ್ಮಿದರೆ ಆಮೆನ್ ಅಂತಿದ್ದ, ಅಷ್ಟೇ ಗೊತ್ತು ಅವನಿಗೆ.

ಇವತ್ತು ಆ ಕೆಮ್ಮೇ ಇಲ್ಲ. ತಮ್ಮ ಮಾತಿನಲ್ಲೇ ಬೈಬಲ್ ಕಥೆಯ ನೋಹನ ನಾವೆ ಹತ್ತಿದ, ಇಳಿದ, ಮತ್ತೆ ಹತ್ತಿದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಕೂಸುಗಳು ಅಳತೊಡಗಿದವು, ಕೆಲವರು ಎದ್ದು ಬಾಗಿಲ ಕಡೆ ನಡೆದರು. ತಮ್ಮನ ಕಣ್ಣು ಮೊದಲ ಸಾಲಿನಲ್ಲಿ ಏನನ್ನೋ ಹುಡುಕುತ್ತಿತ್ತು.

ಅಮ್ಮನನ್ನು ಹುಡುಕಿಕೊಂಡು ಓಡಿದೆ. ಅಮ್ಮ ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದಳು, ಬಾಯಲ್ಲಿ ಪೆಪ್ಪರಮಿಂಟು. ಕ್ಯಾಮೆರಾ ಇದೆ, ಕೆಮ್ಮಬೇಡಿ ಅಜ್ಜಿ ಅಂತ ಹೊಸ ಸ್ವಯಂಸೇವಕ ಒಬ್ಬ ಅದನ್ನು ಕೊಟ್ಟು ಅಲ್ಲಿ ಕೂರಿಸಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಪುಣ್ಯಾತ್ಮನನ್ನು ಆಮೇಲೆ ವಿಚಾರಿಸಿಕೊಂಡೆ, ಅದು ಬೇರೆ ಮಾತು. ಮೊದಲು ಅಮ್ಮನಿಗೆ, ಪೆಪ್ಪರಮಿಂಟು ಉಗಿ, ಕೆಮ್ಮು ಅಂದೆ.

"ಅವನೀಗ ದೊಡ್ಡವನಾಗಿದ್ದಾನೆ ಕಣೆ," ಅಂದಳು ಅಮ್ಮ. "ಇಷ್ಟು ಜನರ ಮಧ್ಯೆ ನನ್ನ ಕೆಮ್ಮು ಯಾರಿಗೆ ಬೇಕು?"

ಅದು ವಾದಕ್ಕೆ ಕೂರೋ ಹೊತ್ತಲ್ಲ. ದೇವರ ಕೃಪೆಗೆ ಸಾಕ್ಷಿ ಹೇಳುವವರಿಗೆ ಅಂತ ಅಲ್ಲೇ ಇಟ್ಟಿದ್ದ ಮೈಕು ಎತ್ತಿಕೊಂಡೆ. ಪರದೆ ತೋರಿಸಿ, ಅವನ ಕಣ್ಣು ನೋಡು, ಯಾರನ್ನು ಹುಡುಕುತ್ತಿದೆ ಅಂತ ನೀನೇ ಹೇಳು ಅಂದೆ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆಪ್ಪರಮಿಂಟನ್ನು ನನ್ನ ಅಂಗೈಗೆ ಉಗಿದಳು.

ಕೆಮ್ಮು ಅಷ್ಟೂ ಸ್ಪೀಕರುಗಳಲ್ಲಿ ಗುಡುಗಿತು.

ತಮ್ಮ ಅರ್ಧ ಮಾತಿಗೇ ನಿಂತ. ಬಾಗಿಲವರೆಗೆ ಹೋದವರೂ ತಿರುಗಿ ನೋಡಿದರು.

"ಎಲ್ಲಿ ಹೋಗಿದ್ದೆಯಮ್ಮ?" ಅಂದ, ಅದೇ ಇಸ್ತ್ರಿ ಅಂಗಡಿಯ ದನಿಯಲ್ಲಿ. "ಆಗಿನಿಂದ ಕಾಯ್ತಾ ಇದ್ದೀನಿ."

ಅಮ್ಮ ನನ್ನ ಕೈಯಿಂದ ಮೈಕು ಕಸಿದುಕೊಂಡಳು.

"ಇಲ್ಲೇ ಇದ್ದೀನಿ ಕಣೋ. ಆಮೆನ್ ಅನ್ನು, ಜನ ಮನೆಗೆ ಹೋಗಲಿ."

ಅಂದ. ಆದರೆ ಮನೆಗೆ ಯಾರು ಹೋದರು? ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಎದ್ದು ನಿಂತು ಹಾಡತೊಡಗಿದರು. ಆ ಹಾಡಿನ ನಡುವೆಯೇ ಅಮ್ಮನ ಕೈ ಹಿಡಿದು ಮೊದಲ ಸಾಲಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಜನ ಜಾಗ ಬಿಟ್ಟರು. ಅಮ್ಮ ಮೈಕು ಮಾತ್ರ ಯಾರಿಗೂ ಕೊಡಲಿಲ್ಲ.