ಹನ್ನೆರಡನೇ ಡಬ್ಬಿ

ಜವಳಗೇರಾದ ಕಾಲುವೆಗುಂಟ ಶೈಲಜಾ ಹನ್ನೆರಡು ಡಬ್ಬಿ ಕೂರಿಸಿದ್ದಳು. ಒಂದೊಂದರಲ್ಲೂ ನೀರಿನ ಗುಣ ಅಳೆಯುವ ಸೆನ್ಸರು, ಪುಟ್ಟದೊಂದು ಪ್ರೋಗ್ರಾಮು. ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬರಬೇಕು. ಅದೇ ಅವಳ ಸಂಶೋಧನೆ. ಹನ್ನೊಂದು ಡಬ್ಬಿಗಳು ನೀರು ಚೆನ್ನಾಗಿದೆ ಎಂದವು. ಅಕ್ಕಿ ಗಿರಣಿಯ ಮೋರಿ ಕಾಲುವೆಗೆ ಬೀಳುವಲ್ಲಿದ್ದ ಹನ್ನೆರಡನೆಯದು ಮಾತ್ರ ವಿಷ ಎಂದಿತು.

"ಅದೊಂದು ಕೆಟ್ಟಿರಬೇಕು. ಬಹುಮತ ಹಿಡಿದು ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸು," ಎಂದರು ಅವಳ ಪ್ರೊಫೆಸರು, ಕಾರಿನಿಂದ ಇಳಿಯದೆ. ಬೂಟಿಗೆ ಕೆಸರು ತಾಗೀತೆಂಬ ಭಯ. ಇವರು ನೀರಿನ ಪಂಡಿತರಂತೆ! ಶೈಲಜಾಗೆ ಹೇಸಿಗೆಯಾಯಿತು.

ಗದ್ದೆಯಲ್ಲಿದ್ದ ಕೂಲಿಯಾಳು ಗಿರಿಯಮ್ಮ ಗುಳ್ಳೆಯೆದ್ದ ಕಾಲು ತೋರಿಸಿದಳು. "ಅಕ್ಕಾರ, ಮೋರಿ ಹಂತ್ಯಾಕ ನಾಟಿ ಹಚ್ಚಿದವ್ರಿಗೆಲ್ಲ ಹಿಂಗ ಆಗೈತ್ರಿ. ನಿಮ್ಮ ಡಬ್ಬಿ ಖರೇನ ಹೇಳಾಕತ್ತೈತಿ."

"ಕಾಲು ಡೇಟಾ ಅಲ್ಲ," ಎಂದು ಪ್ರೊಫೆಸರು ಕಾರಿನ ಗಾಜು ಏರಿಸತೊಡಗಿದರು.

"ಹಂಗಾದ್ರ ನಿಮ್ಮ ಪ್ರಬಂಧದಾಗ ನನ್ನ ಹೆಸರು ಬ್ಯಾಡ್ರಿ," ಎಂದಳು ಶೈಲಜಾ. ಅವರ ಮುಖವನ್ನೂ ನೋಡಲಿಲ್ಲ.

ಮರುದಿನ ಆ ಒಂದೇ ಡಬ್ಬಿಯ ಅಂಕಿಗಳನ್ನು ಹಿಡಿದು, ಗಿರಿಯಮ್ಮನನ್ನೂ ಕರೆದುಕೊಂಡು ಸಿಂಧನೂರಿನ ತಹಶೀಲ್ದಾರರ ಮುಂದೆ ಕೂತಳು. ವಾರದೊಳಗೆ ಅವರು ಗಿರಣಿಯ ಮೋರಿ ಮುಚ್ಚಿಸಿದರು. ಪ್ರಬಂಧ ಪ್ರೊಫೆಸರರ ಒಬ್ಬರದೇ ಹೆಸರಲ್ಲಿ ಅಚ್ಚಾಯಿತು. ಕಾಲುವೆಯ ನೀರು ನಿರ್ಮಲವೆಂದು ಅದರಲ್ಲಿ ಬರೆದಿತ್ತು.