ಸುರಂಗಪುರದ ಕುಂಟ ಒಂಟೆ

ನರಸಿಂಗ ಅಂಗಳದ ಕಟ್ಟೆಯ ಮೇಲೆ ಕುಳಿತು ಎಡಗಾಲಿನ ಕಬ್ಬಿಣದ ಪಟ್ಟಿಯನ್ನು ಇನ್ನೊಂದು ತೂತು ಬಿಗಿದ. ಎದ್ದು ನಿಂತು ನೋಡಿದ. ಸಮಾಧಾನವಾಗಲಿಲ್ಲ. ಮತ್ತೆ ಕುಳಿತು ಬೂಟಿನ ಲೇಸು ಎಳೆದು ಕಟ್ಟಿದ. ಆಮೇಲೆ ಕೈಯಲ್ಲಿದ್ದ ಟವೆಲನ್ನು ದಪ್ಪಗೆ ಮಡಚಿ ಬಲಭುಜದ ಮೇಲೆ ಇಟ್ಟುಕೊಂಡ.

ಅಜೀಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಒಳಗೆ ಅವನ ತಾಯಿ, ನರಸಿಂಗ ಚಿಕ್ಕಂದಿನಿಂದ ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದ ಹಜಿರಾ ಬೀಗೆ ಹೆಂಗಸರು ಕೊನೆಯ ಸ್ನಾನ ಮಾಡಿಸುತ್ತಿದ್ದರು.

“ಏನ್ ಮಾಡಾಕತ್ತಿ ಲೇ?”

“ಕಾಣಂಗಿಲ್ಲೇನು? ತಯಾರಾಗಾಕತ್ತೇನಿ. ಖಾಲಾಗ ಹೆಗಲ ಕೊಡೋದದ.”

“ಹುಚ್ಚರಂಗ ಮಾಡಬ್ಯಾಡ ನರಸಿಂಗ. ಕಬರಸ್ತಾನ ತನಕ ಏರ ಅದ. ಸ್ಕೂಟರ್ ಮ್ಯಾಲ ಮುಂದ ಹೋಗು. ಅಲ್ಲಿ ಮಣ್ಣ ಹಾಕು, ಸಾಕು.”

“ಮಣ್ಣ ಎಲ್ಲಾರೂ ಹಾಕತಾರ.”

“ನೀ ಎಡವಿದ್ರ? ಅಮ್ಮೀನ ರಸ್ತಾದಾಗ ಕೆಡವಿದ್ರ ನಾ ಯಾರಿಗಿ ಮಾರಿ ತೋರಸಲಿ?”

ನರಸಿಂಗನಿಗೆ ಇದು ಹೊಸ ಮಾತಲ್ಲ. ಹುಮನಾಬಾದಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟ ನಲವತ್ತು ದಾಟಿದ ಗೃಹಸ್ಥ ಅವನು. ಆದರೆ ಯಾರ ಮನೆಯಲ್ಲಿ ಸಾವಾಗಲಿ, ಅವನು ಕಂಡೊಡನೆ ಜನ ಕುರ್ಚಿ ಹುಡುಕುತ್ತಿದ್ದರು. ಹೆತ್ತ ತಂದೆ ಸತ್ತಾಗಲೂ ಅಷ್ಟೇ. ಹಿರಿಯರು ಅವನನ್ನು ಜೀಪಿನಲ್ಲಿ ಕೂರಿಸಿ ಸ್ಮಶಾನಕ್ಕೆ ಮೊದಲೇ ಕಳಿಸಿಬಿಟ್ಟಿದ್ದರು. ಅಪ್ಪ ಬರುವುದನ್ನು ಅವನು ಅಲ್ಲಿ ಕುಳಿತು ಕಾದಿದ್ದ. ಇವತ್ತು ಕಾಯುವುದಿಲ್ಲ ಎಂದು ನಿರ್ಧರಿಸಿಯೇ ಬಂದಿದ್ದ.

“ಇಲ್ ನೋಡಪಾ,” ಎಂದು ಮಸೀದಿಯ ಹಿರಿಯ ಮೊಹಿನುದ್ದೀನ್ ಚಚ್ಚಾ ಪಕ್ಕಕ್ಕೆ ಬಂದು ಕುಳಿತರು. ಸಾವಿನ ಮನೆಯ ಓಡಾಟವೆಲ್ಲ ಅವರದೇ. “ಮಯ್ಯತ್ ಜಲ್ದಿ ಒಯ್ಯಬೇಕು. ಇದು ನಮ್ಮ ಧರ್ಮದ ಮಾತು. ಹೆಗಲ ಬದಲಾಯಿಸಿಕೋತ ಓಡಿದಂಗ ನಡೀತಾರ. ಅದರಾಗ ನೀ ಹ್ಯಾಂಗ ಬರತಿ?”

“ಬರತೀನ್ರಿ ಚಚ್ಚಾ.”

“ಹಠಮಾರಿ,” ಎಂದು ಚಚ್ಚಾ ಎದ್ದರು. “ಹಜಿರಾನೇ ಬೆಳಿಸ್ಯಾಳಲ್ಲ!”

*

ಮೂವತ್ತು ವರ್ಷಗಳ ಹಿಂದೆ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ‘ಸುರಂಗಪುರ’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಮಾಟದ ಕೋಟೆ, ಹಾರುವ ಕತ್ತಿ, ಕಲ್ಲಾಗಿ ಹೋದ ರಾಜ. ಬಸವಕಲ್ಯಾಣದ ಈ ಗಲ್ಲಿಯ ಕರೆಂಟು ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಹೋಗುತ್ತಿತ್ತು. ಆರಿಹೋದ ಟೀವಿಯ ಮುಂದೆ ಮಕ್ಕಳು ಕುಳಿತು ಅಳುವುದೊಂದು ಬಾಕಿ.

ಹಜಿರಾ ಬೀ ಭಾನುವಾರ ಬಳೆಯ ಬುಟ್ಟಿ ಹೊತ್ತು ಹುಮನಾಬಾದಿಗೆ ಹೋಗುತ್ತಿದ್ದಳು. ಅಲ್ಲಿ ಕರೆಂಟು ಇರುತ್ತಿತ್ತು. ಗಿರಿಜಾಬಾಯಿ ಎಂಬ ಗಿರಾಕಿಯ ಮನೆಯಲ್ಲಿ ಬಳೆ ತೊಡಿಸುತ್ತ ಧಾರಾವಾಹಿ ನೋಡಿ, ಸಂಜೆ ಬಸ್ಸಿಗೆ ಬರುವಳು. ಬುಟ್ಟಿ ಇಳಿಸುವ ಮೊದಲೇ ಮಕ್ಕಳು ಮುತ್ತುವರು.

“ತಡೀರೋ ನನ ಮಕ್ಕಳ್ರಾ, ನೀರರೆ ಕುಡೀತೀನಿ!” ಎನ್ನುವಳು. ಕುಡಿಯುತ್ತಿರಲಿಲ್ಲ. ಕಥೆ ಶುರುವಾಗಿಬಿಡುತ್ತಿತ್ತು. ಅರ್ಧ ಕನ್ನಡ, ಅರ್ಧ ದಖ್ಖನಿ. ಮಾಂತ್ರಿಕ ನಕ್ಕರೆ ಪಕ್ಕದ ಮನೆಯ ಕೂಸು ಎಚ್ಚರಾಗಬೇಕು, ಹಾಗೆ ನಗುವಳು. ಕುದುರೆ ಓಡಿದರೆ ಮಾರಾಟವಾಗದೆ ಉಳಿದ ಬಳೆಗಳನ್ನು ಕುಲುಕುವಳು.

“ಉಸುಕಿನಾಗ ಎಲ್ಲಾ ಕುದುರಿ ಹುಗದು ಹೋದ್ವು. ಶಹಜಾದಿ ಅಳಾಕತ್ತಾಳ. ಆವಾಗ ಬಂತ್ ನೋಡ್ರಿ, ಟಕ್... ಸರ್ರ್... ಟಕ್... ಸರ್ರ್... ನಮ್ಮ ಕುಂಟ ಒಂಟಿ!”

ಗಲ್ಲಿಯೆಲ್ಲ ಕೇಕೆ. ಕುಂಟ ಒಂಟೆ ಬಂತೆಂದರೆ ಮುಗಿಯಿತು, ಮಾಂತ್ರಿಕನ ಆಟ ನಡೆಯುವುದಿಲ್ಲ. ಅದಕ್ಕೆ ಮರುಭೂಮಿಯ ಎಲ್ಲ ದಾರಿ ಗೊತ್ತು. ಬಾಯಿ ಬೇರೆ ಜೋರು. ರಾಜನಿಗೇ ಬೈಯುತ್ತಿತ್ತು.

ಮರುದಿನ ಆಟದಲ್ಲಿ ರಾಜನಾಗಲು ಯಾರೂ ತಯಾರಿಲ್ಲ. ಎಲ್ಲರಿಗೂ ಒಂಟೆಯೇ ಆಗಬೇಕು. ಅದೇ ಗಲ್ಲಿಯ, ಪೋಲಿಯೋ ಕಾಲಿನ ನರಸಿಂಗ ಕಟ್ಟೆಯ ಮೇಲೆ ಕುಳಿತು, “ಹಂಗಲ್ಲಲೇ, ಸೊಂಟಾ ಎತ್ತು. ಹಾಂ, ಈಗ ಕಾಲ ಎಳಿ,” ಎಂದು ಒಬ್ಬೊಬ್ಬರಿಗೂ ಕಲಿಸಿಕೊಡುತ್ತಿದ್ದ. ಅಜೀಮನಂತೂ ಶಾಲೆಗೂ ಹಾಗೆಯೇ ಕುಂಟುತ್ತ ಹೋದ. ಅದನ್ನು ನೋಡಿದ ಅವನಪ್ಪ ವಜೀರ್ ಕೆನ್ನೆಗೆ ಬಾರಿಸಿದ.

“ನರಸಿಂಗನ್ನ ಅಣಕಸ್ತಿಯೇನ ಬದ್ಮಾಶ?”

“ನರಸಿಂಗ ಅಲ್ಲಬ್ಬಾ,” ಎಂದು ಅಜೀಮ ಕೆನ್ನೆ ಹಿಡಿದು ಅತ್ತಿದ್ದ, “ಒಂಟಿ!”

*

ಗಿರಿಜಾಬಾಯಿ ಹುಮನಾಬಾದಿನಿಂದ ಬಸ್ಸಿಗೆ ಬಂದರು. ಎಂಬತ್ತರ ಹತ್ತಿರದ ಜೀವ. ಎರಡೂ ಮುಂಗೈ ತುಂಬ ಹಸಿರು ಬಳೆ. ಒಳಗೆ ಹೋಗಿ ಮುಖ ನೋಡಿಕೊಂಡು ಬಂದು, ಕಟ್ಟೆಯ ಮೇಲೆ ನರಸಿಂಗನ ಪಕ್ಕ ಕುಳಿತು ಸೆರಗಿನಿಂದ ಮೂಗು ಒರೆಸಿಕೊಂಡರು.

“ಒಂದ್ ಬಳಿ ಒಡೀಲಾರದಂಗ ಇಡಸ್ತಿದ್ಳಪಾ. ಸೊಸೀ ಬಾಣಂತನ ಆಗಲಿ, ಮಗಳ ಲಗ್ನ ಆಗಲಿ, ಅಕೀನೇ ಬೇಕು. ಬಳಿ ಇಡಸೋದರಾಗ ಮನ್ಯಾಗಿನ ಅಳೂ ಎಲ್ಲಾ ಕೇಳಿ ಹೋಗ್ತಿದ್ಳು.”

“ಟೀವಿನೂ ನೋಡ್ತಿದ್ಳಲ್ರಿ ನಿಮ್ಮನ್ಯಾಗ?” ಎಂದ ಅಜೀಮ.

“ಎಲ್ಲೀ ಟೀವಿ!” ಗಿರಿಜಾಬಾಯಿ ಅಳುವಿನ ನಡುವೆಯೇ ನಕ್ಕುಬಿಟ್ಟರು. “ಟೀವಿಗಿ ಬೆನ್ ಮಾಡಿ ಕುಂದರತಿದ್ಳು. ಬರೀ ಕೇಳೋದು. ‘ಅಕ್ಕಾ, ಈಗ್ಯಾರ ನಕ್ಕರು? ಈಗ್ಯಾರ ಸತ್ತರು?’ ಅಂತ ನಮಗ ಕೇಳತಿದ್ಳು.”

ಅಜೀಮ ನರಸಿಂಗನ ಮುಖ ನೋಡಿದ. ನರಸಿಂಗ ಬೂಟು ನೋಡುತ್ತಿದ್ದ.

*

ಹೋದ ದೀಪಾವಳಿಯ ರಜೆಯಲ್ಲಿ ಹಜಿರಾ ಬೀ, ಅಜೀಮ, ನರಸಿಂಗ ಮೂವರೂ ಹೈದರಾಬಾದಿಗೆ ಹೋಗಿದ್ದರು. ‘ಸುರಂಗಪುರ’ ತೆಗೆದ ಸ್ಟುಡಿಯೋದವರು ಅದರ ಸಾಮಾನುಗಳನ್ನೆಲ್ಲ ಒಂದು ದೊಡ್ಡ ಶೆಡ್ಡಿನಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆಂದು ನರಸಿಂಗ ಮೊಬೈಲಿನಲ್ಲಿ ನೋಡಿದ್ದ. “ಖಾಲಾನ ಕರಕೊಂಡೇ ಹೋಗೋದು,” ಎಂದು ಕಾರು ಗೊತ್ತು ಮಾಡಿದವನೂ ಅವನೇ.

ಒಳಗೆ ಕಾಲಿಟ್ಟರು. ಎರಡಾಳೆತ್ತರದ ಕೋಟೆಯ ಬಾಗಿಲು. ಮೇಲಿಂದ ತೂಗುವ ಕತ್ತಿ. ಹಾವಿನ ಸಿಂಹಾಸನ. ಗಡ್ಡ ನರೆತ ಗಂಡಸರು ಮಕ್ಕಳ ಕೈ ಬಿಟ್ಟು ತಾವೇ ಮುಂದೆ ಓಡುತ್ತಿದ್ದರು. ಅಜೀಮ ಬಾಗಿಲನ್ನು ಮುಟ್ಟಿ, “ರಟ್ಟ ಅದಲೇ!” ಎಂದ. ಹಾಗೆಂದವನು ಕೈ ತೆಗೆಯಲೇ ಇಲ್ಲ. ಹಜಿರಾ ಬೀ ಮಾಂತ್ರಿಕನ ಗೊಂಬೆಯ ಮುಂದೆ ನಿಂತು, “ಸಲಾಮ್ ಅಲೈಕುಂ. ತಬಿಯತ್ ಹ್ಯಾಂಗದ?” ಎಂದು ವಿಚಾರಿಸಿದಳು. ಸುತ್ತಲಿನವರೆಲ್ಲ ನಕ್ಕರು.

ನರಸಿಂಗ ಮಾತ್ರ ಸುತ್ತು ಹಾಕುತ್ತಲೇ ಇದ್ದ. ಕೊನೆಗೆ ಅಲ್ಲಿ ವಿವರಣೆ ಕೊಡುತ್ತಿದ್ದ ಹುಡುಗಿಯನ್ನು ಹಿಂದಿಯಲ್ಲಿ ಕೇಳಿದ, “ಕುಂಟ ಒಂಟೆ ಎಲ್ಲಿಟ್ಟಿದ್ದೀರಿ?”

“ಒಂಟೆಯಾ ಸರ್? ಸುರಂಗಪುರದಲ್ಲಿ ಒಂಟೆಯೇ ಇಲ್ಲವಲ್ಲ.”

“ಹ್ಯಾಗೆ ಇಲ್ಲ? ಶಹಜಾದಿಯನ್ನು ದಾಟಿಸಿದವರು ಯಾರು ಮತ್ತೆ?”

“ಬಿಳಿ ಕುದುರೆ ಸರ್. ಅಗೋ, ಅಲ್ಲಿದೆ. ನಾನು ಎಲ್ಲ ಕಂತನ್ನೂ ನೋಡಿದ್ದೇನೆ.”

ನರಸಿಂಗ ತಿರುಗಿದ. ಹಜಿರಾ ಬೀ ಬೆಂಚಿನ ಮೇಲೆ ಕುಳಿತು ಮನೆಯಿಂದ ತಂದ ಚೂಡಾದ ಪೊಟ್ಟಣ ಬಿಚ್ಚುತ್ತಿದ್ದಳು. ಗಂಟು ಬಹಳ ಬಿಗಿಯಾಗಿತ್ತೋ ಏನೋ, ತಲೆ ಎತ್ತಲಿಲ್ಲ.

“ಖಾಲಾ, ಒಂಟೀನ ಇಲ್ಲಂತಲ್ಲ?”

“ಇವ್ರು ಎಲ್ಲಾ ಸಾಮಾನ ಇಟ್ಟಿಲ್ಲ ಬೇಟಾ,” ಎಂದಳು ಹಜಿರಾ ಬೀ. “ಜಾಗಾ ಸಾಲಿಲ್ಲ ಕಾಣಸ್ತದ. ಬಾ, ಚೂಡಾ ತಿನ್ನು.”

ನರಸಿಂಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದ. ಆಮೇಲೆ ಚೂಡಾಕ್ಕೆ ಕೈ ಚಾಚಿ, ಬಾಯಿ ತುಂಬಿಕೊಂಡೇ ಆ ಹುಡುಗಿಗೆ ಹೇಳಿದ, “ನಿಮ್ಮ ಸಾಹೇಬರಿಗೆ ತಿಳಿಸಿ. ದೊಡ್ಡ ಐಟಮ್ಮೇ ಬಿಟ್ಟುಹೋಗಿದೆ ಅಂತ.”

*

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಜನಾಜಾ ಹೊರಟಿತು. ಚಚ್ಚಾ ಹೇಳಿದ್ದು ಸುಳ್ಳಲ್ಲ. ಹೆಗಲಿನಿಂದ ಹೆಗಲಿಗೆ ಹಾಯುತ್ತ ಅದು ನೀರಿನಲ್ಲಿ ಹೋಗುವಂತೆ ಹೋಗುತ್ತಿತ್ತು. ನರಸಿಂಗ ಸ್ಕೂಟರನ್ನು ಮಸೀದಿಯ ಗೋಡೆಗೆ ಬಿಟ್ಟು ಗುಂಪಿನಲ್ಲಿ ಸೇರಿಕೊಂಡ. ಎರಡು ಸಲ ಹತ್ತಿರ ಬಂದ. ಕೈ ಚಾಚುವುದರೊಳಗೆ ಜನಾಜಾ ಮುಂದಿತ್ತು. ದೊಡ್ಡ ರಸ್ತೆಗೆ ಬರುವಾಗ ಅವನು ಎಲ್ಲರಿಗಿಂತ ಹಿಂದೆ ಬಿದ್ದಿದ್ದ. ಕಬ್ಬಿಣದ ಪಟ್ಟಿ ತೊಡೆಗೆ ಕಚ್ಚುತ್ತಿತ್ತು. ಮುಂದೆ ತಲೆಗಳ ಮೇಲೆ ಹಸಿರು ಚಾದರ ಚಿಕ್ಕದಾಗುತ್ತ ಹೋಗುತ್ತಿತ್ತು. ಅವನು ಕೂಗಲಿಲ್ಲ. ಬರೀ ನಡೆದ.

ಹಿಂದಿನ ಎಡಗಡೆಗೆ ಹೆಗಲು ಕೊಟ್ಟಿದ್ದ ಅಜೀಮ ಒಮ್ಮೆ ಕತ್ತು ತಿರುಗಿಸಿದ. ಖಾಲಿ ರಸ್ತೆಯಲ್ಲಿ ಬೆವರಿ ತೊಯ್ದ ಅಂಗಿಯ ಒಬ್ಬನೇ ಒಬ್ಬ ಮನುಷ್ಯ ಬರುತ್ತಿದ್ದ.

“ನಿಂದರ್ರಿ,” ಎಂದ ಅಜೀಮ.

“ನಿಂದ್ರಬಾರದೋ, ಜಲ್ದಿ ಜಲ್ದಿ!” ಎಂದರು ಮುಂದಿದ್ದ ಮೊಹಿನುದ್ದೀನ್ ಚಚ್ಚಾ.

“ಅಮ್ಮೀಗಿ ಇವತ್ತ ಬಸ್ ಹಿಡಿಯೋದಿಲ್ಲ ಚಚ್ಚಾ. ಒಂದೀಟ ನಿಂದರ್ರಿ.”

ಚಚ್ಚಾ ಹಿಂದೆ ನೋಡಿದರು. ಮುಂದಿನವರಿಗೆ ಕೈ ಅಡ್ಡ ಹಿಡಿದರು. ನಾಲ್ಕು ಹೆಗಲುಗಳ ಮೇಲೆ ಜನಾಜಾ ನಡುರಸ್ತೆಯಲ್ಲಿ ನಿಂತಿತು. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರು ಎದುರಿಗೆ ಬಂದು ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ನರಸಿಂಗ ಬಂದ. ಅಜೀಮ ಬಾಗಿ ಹೊರಬಂದ. ತಾನು ಹೊತ್ತ ಮೂಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ನರಸಿಂಗನ ಬಲಭುಜ ಅದರ ಕೆಳಗೆ ಬಂದು ಕೂರುವ ತನಕ ಬಿಡಲಿಲ್ಲ.

“ಕುಂತದೇನು?”

“ಹೂಂ.”

ಮೊದಲ ಟ್ರ್ಯಾಕ್ಟರಿನವನು ತಲೆಯ ರುಮಾಲು ತೆಗೆದು ಎಂಜಿನ್ ಆರಿಸಿದ. ಹಿಂದಿನವನೂ ಆರಿಸಿದ, ಅವನ ಹಿಂದಿನವನೂ. ರಸ್ತೆ ಉದ್ದಕ್ಕೂ ಸದ್ದು ಅಡಗುತ್ತ ಹೋಯಿತು. ಜನಾಜಾ ಹೊರಟಿತು. ಓಡುವಂತೆ ನಡೆಯುತ್ತಿದ್ದ ಅಷ್ಟೂ ಜನ ಈಗ ಒಂದೊಂದೇ ಹೆಜ್ಜೆ ಇಟ್ಟು, ಕಾದು, ಇನ್ನೊಂದು ಹೆಜ್ಜೆ ಇಡುತ್ತಿದ್ದರು. ಮೊಹಿನುದ್ದೀನ್ ಚಚ್ಚಾ ಮುಂದಿನಿಂದ ಹಿಂದಕ್ಕೆ ಬಂದು ನರಸಿಂಗನ ಪಕ್ಕದಲ್ಲಿ, ಅವನ ಕಾಲನ್ನೇ ನೋಡುತ್ತ ನಡೆದರು.